ಗಾಜಿನ ಮನೆಯಿಂದ ರೇಸ್‌ಕೋರ್ಸ್ ರಸ್ತೆಗೆ: 1969ರ ರಾಷ್ಟ್ರಪತಿ ಚುನಾವಣೆಯ ಜಾಡಿನಲ್ಲಿ ಬೆಂಗಳೂರು

ಗುರುವಾರ: ಲಾಲ್‌ಬಾಗ್

ಹಸಿರು ಮಾರ್ಗದ ಮೆಟ್ರೋದಲ್ಲಿ ಲಾಲ್‌ಬಾಗ್ ನಿಲ್ದಾಣಕ್ಕೆ ಇಳಿದರೆ ತೋಟದ ಪಶ್ಚಿಮ ದ್ವಾರ ಕಣ್ಣೆದುರೇ. ಅಲ್ಲಿಂದ ಗಾಜಿನ ಮನೆಗೆ ಹತ್ತು ನಿಮಿಷದ ನಡಿಗೆ. ಬೆಳಗ್ಗೆ ಬೇಗ ಬಂದರೆ ವಾಯುವಿಹಾರಿಗಳ ಜೊತೆ ಒಳಗೆ ಹೋಗಬಹುದು, ತಡವಾದರೆ ಟಿಕೆಟ್ ಸಾಲು. ಈ ಪ್ರವಾಸವನ್ನು ಜುಲೈನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. 1969ರ ರಾಷ್ಟ್ರಪತಿ ಚುನಾವಣೆಯ ಮತದಾನ ನಡೆದದ್ದು ಆಗಸ್ಟ್ 16ರಂದು ಅಲ್ಲವೇ, ಅದೇ ವಾರ ಹೋಗೋಣ ಅಂತ ಹೊರಟರೆ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ಜಾತ್ರೆಯಲ್ಲಿ ಸಿಕ್ಕಿಬೀಳುತ್ತೀರಿ. ಗಾಜಿನ ಮನೆಯ ಕಂಬ ಕಾಣುವುದಿರಲಿ, ಕಾಲಿಡಲೂ ಜಾಗ ಇರುವುದಿಲ್ಲ. ಪ್ರದರ್ಶನ ಇಲ್ಲದ ದಿನಗಳಲ್ಲಿ ಒಳಗೆ ಬಿಡದಿರುವುದೂ ಉಂಟು. ಅದರಿಂದ ನಷ್ಟವೇನಿಲ್ಲ, ಕಟ್ಟಡದ ಮೈಯೆಲ್ಲ ಗಾಜು. ಹೊರಗಿನಿಂದ ಒಂದು ಸುತ್ತು ಹಾಕಿದರೆ ಎಲ್ಲ ಕಾಣುತ್ತದೆ.

ಇದಕ್ಕೆ 1889ರ ನವೆಂಬರ್ 30ರಂದು ಅಡಿಗಲ್ಲು ಹಾಕಿದ್ದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿ. ಕಬ್ಬಿಣದ ಕಂಬಗಳು ಎರಕ ಹೊಯ್ದವು. ಹತ್ತಿರ ಹೋಗಿ ನೋಡಿದರೆ ಬುಡದಲ್ಲಿ, ಕಮಾನಿನ ಮೂಲೆಯಲ್ಲಿ ಎಲೆಬಳ್ಳಿಯ ಕುಸುರಿ ಇದೆ. ಬಣ್ಣದ ಮೇಲೆ ಬಣ್ಣ ಬಳಿದು ಗೆರೆಗಳು ಮೊಂಡಾಗಿವೆ. ಜುಲೈಯ ಜಡಿ ಮಳೆ ಮೇಲಿನ ಗಾಜಿಗೆ ಬಿದ್ದರೆ ಕೆಳಗಿನ ಮಾತು ಪಕ್ಕದವರಿಗೂ ಸರಿಯಾಗಿ ಕೇಳುವುದಿಲ್ಲ. ಹೂವಿಗೆಂದು ಕಟ್ಟಿದ ಇಂಥ ಮನೆಯಲ್ಲಿ 1969ರ ಜುಲೈ ಎರಡನೇ ವಾರ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತ್ತು.

ಆಗ ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಮೈಸೂರು ರಾಜ್ಯದ ಮುಖ್ಯಮಂತ್ರಿ ಕುರ್ಚಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟು ಅವರು ದಿಲ್ಲಿ ರಾಜಕಾರಣಕ್ಕೆ ಹೋಗಿದ್ದರು. ರಾಷ್ಟ್ರಪತಿ ಜಾಕಿರ್ ಹುಸೇನ್ ಮೇ 3ರಂದು ತೀರಿಕೊಂಡಿದ್ದರು. ಅಧಿಕಾರದಲ್ಲಿದ್ದಾಗಲೇ ನಿಧನರಾದ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಕೂತಿದ್ದರು. ಮುಂದೆ ಯಾರು ಎಂಬುದು ಬೆಂಗಳೂರಿನಲ್ಲಿ ತೀರ್ಮಾನವಾಗಬೇಕಿತ್ತು. ಪ್ರಧಾನಿ ಇಂದಿರಾ ಗಾಂಧಿ ತಾವು ಬರುವ ಮೊದಲೇ ಫಕ್ರುದ್ದೀನ್ ಅಲಿ ಅಹ್ಮದ್ ಕೈಯಲ್ಲಿ ಒಂದು ಟಿಪ್ಪಣಿ ಕಳಿಸಿದರು. ಬಿಡಿ ಯೋಚನೆಗಳು ಅಂತ ಅವರೇ ಕರೆದ ಆ ಟಿಪ್ಪಣಿಯಲ್ಲಿ ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣದ ಮಾತೂ ಇತ್ತು. ಜುಲೈ 12ರ ಶನಿವಾರ ಪಕ್ಷದ ಸಂಸದೀಯ ಮಂಡಳಿ ಸೇರಿತು. ಇಂದಿರಾ ಜಗಜೀವನ ರಾಮ್ ಹೆಸರು ಮುಂದಿಟ್ಟರು. ಮೊರಾರ್ಜಿ ದೇಸಾಯಿ, ಕಾಮರಾಜ್, ಎಸ್.ಕೆ. ಪಾಟೀಲ್, ಚವಾಣ್ ಇವರೆಲ್ಲ ಲೋಕಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿ ಕಡೆ ನಿಂತರು. ಪ್ರಧಾನಿಯ ಮಾತು ಅವರದೇ ಪಕ್ಷದ ಮಂಡಳಿಯಲ್ಲಿ ಬಿದ್ದುಹೋಯಿತು.

ಮುಂದಿನದನ್ನೆಲ್ಲ ಅರ್ಥಮಾಡಿಕೊಳ್ಳಲು ಈ ಎರಡು ಎಳೆ ಒಟ್ಟಿಗೆ ಹಿಡಿದಿರಬೇಕು: ಬ್ಯಾಂಕಿನ ಟಿಪ್ಪಣಿ ಮತ್ತು ಅಭ್ಯರ್ಥಿಯ ಆಯ್ಕೆ. ಎರಡೂ ಒಂದೇ ವಾರ, ಒಂದೇ ಊರಿನಲ್ಲಿ ಹೊರಬಿದ್ದವು. ತಮಗೆ ಮತವೇ ಇಲ್ಲದ ಚುನಾವಣೆಯ ಫಲಿತಾಂಶಕ್ಕೆ ಜನ ಅಷ್ಟು ಬಿಸಿಯಾಗಿ ಸ್ಪಂದಿಸಿದ್ದೇಕೆ ಎಂದರೆ ಅವರು ಸ್ಪಂದಿಸಿದ್ದು ಗೆದ್ದ ಗಿರಿಯವರಿಗಿಂತ ಹೆಚ್ಚಾಗಿ ಬ್ಯಾಂಕ್ ರಾಷ್ಟ್ರೀಕರಣಕ್ಕೆ. ಫಲಿತಾಂಶದ ಮರುದಿನದ ಪತ್ರಿಕೆಯೊಂದನ್ನೇ ತೆರೆದು ಜನಾಭಿಪ್ರಾಯ ಸಿಕ್ಕಿತು ಎನ್ನುವವರು ಇಲ್ಲೇ ಎಡವುತ್ತಾರೆ.

ಶುಕ್ರವಾರ: ಜೆ.ಸಿ. ರಸ್ತೆಯಿಂದ ಮೈಸೂರು ಬ್ಯಾಂಕ್ ವೃತ್ತ

ಪುರಭವನದ ಬಳಿ ಜೆ.ಸಿ. ರಸ್ತೆಯಲ್ಲಿ ಕೆನರಾ ಬ್ಯಾಂಕಿನ ಪ್ರಧಾನ ಕಚೇರಿ ಇದೆ. ಇಂದಿನ ನಡಿಗೆ ಅಲ್ಲಿಂದ ಶುರು. ರವೀಂದ್ರ ಕಲಾಕ್ಷೇತ್ರ, ಪುರಭವನ, ಹಡ್ಸನ್ ವೃತ್ತ ದಾಟಿ ಕೆಂಪೇಗೌಡ ರಸ್ತೆ ಹಿಡಿದರೆ ಮೈಸೂರು ಬ್ಯಾಂಕ್ ವೃತ್ತಕ್ಕೆ ತಲುಪಬಹುದು. ದೂರ ಹೆಚ್ಚೇನಲ್ಲ, ಆದರೆ ಹಡ್ಸನ್ ವೃತ್ತ ದಾಟುವುದೇ ಒಂದು ಸಾಹಸ. ಸಿಗ್ನಲ್ ಹಸಿರಾಯಿತೆಂದು ನಂಬಿ ಹೆಜ್ಜೆ ಇಡಬೇಡಿ, ಎಡಕ್ಕೆ ತಿರುಗುವ ಬಸ್ಸುಗಳಿಗೆ ಅದು ಲೆಕ್ಕಕ್ಕಿಲ್ಲ.

ಬೆಂಗಳೂರು ಅಧಿವೇಶನ ಮುಗಿದ ವಾರದಲ್ಲಿ ಏನೇನಾಯಿತು ನೋಡಿ. ಜುಲೈ 16ರಂದು ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ರ ಶನಿವಾರ ಸುಗ್ರೀವಾಜ್ಞೆಯ ಮೂಲಕ 14 ಬ್ಯಾಂಕುಗಳು ಸರ್ಕಾರದ ಕೈಗೆ ಬಂದವು. ಅದಕ್ಕೆ ಸಹಿ ಹಾಕಿದ ಹಂಗಾಮಿ ರಾಷ್ಟ್ರಪತಿ ಗಿರಿ ಮರುದಿನವೇ ಎರಡೂ ಹುದ್ದೆ ಬಿಟ್ಟು ಪಕ್ಷೇತರ ಅಭ್ಯರ್ಥಿಯಾಗಿ ಕಣಕ್ಕಿಳಿದರು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ರಾಷ್ಟ್ರಪತಿಯ ಕೆಲಸ ವಹಿಸಿಕೊಂಡರು. ರಾಷ್ಟ್ರಪತಿ, ಉಪರಾಷ್ಟ್ರಪತಿ ಇಬ್ಬರೂ ಇಲ್ಲದಾಗ ಮುಖ್ಯ ನ್ಯಾಯಮೂರ್ತಿ ಆ ಜಾಗದಲ್ಲಿ ಕೂರಬೇಕು ಎಂಬ ಕಾಯಿದೆ ಆ ವರ್ಷವೇ ಆದದ್ದು. ಅದೇ ವಾರಾಂತ್ಯ, ನಮ್ಮ ಗಡಿಯಾರದಲ್ಲಿ ಜುಲೈ 21ರ ನಸುಕಿಗೆ, ಮನುಷ್ಯ ಚಂದ್ರನ ಮೇಲೆ ಇಳಿದ. ಆ ದಿನಗಳ ಪತ್ರಿಕೆಗಳ ಮುಖಪುಟ ಕಟ್ಟಿದವರ ಪಾಡು ಊಹಿಸಿಕೊಳ್ಳಿ.

ಪಟ್ಟಿಗೆ ಸೇರಿದ್ದು 50 ಕೋಟಿ ರೂಪಾಯಿಗೆ ಮೇಲ್ಪಟ್ಟು ಠೇವಣಿ ಇದ್ದ ಬ್ಯಾಂಕುಗಳು ಮಾತ್ರ. ಹದಿನಾಲ್ಕರಲ್ಲಿ ಎರಡು ಕನ್ನಡ ಕರಾವಳಿಯವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ಕೆನರಾ ಒಂದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ನೆಲೆ ನಿಂತ ಸಿಂಡಿಕೇಟ್ ಇನ್ನೊಂದು. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ, ನಾಲ್ಕಾಣೆ ಕಟ್ಟಿಸಿಕೊಳ್ಳುತ್ತಿದ್ದ ಪಿಗ್ಮಿ ಠೇವಣಿ ಸಿಂಡಿಕೇಟ್‌ನದು. ಹಾಗಾಗಿ ದಿಲ್ಲಿಯ ಆಜ್ಞೆ ಇಲ್ಲಿಯವರಿಗೆ ಬರೀ ನೀತಿಯ ವಿಷಯವಲ್ಲ, ಮನೆಯ ವಿಷಯ. ಕಾರ್ಪೊರೇಶನ್ ಮತ್ತು ವಿಜಯಾ ಬ್ಯಾಂಕುಗಳು ಆಗ ಗಾತ್ರದಲ್ಲಿ ಚಿಕ್ಕವಾದ್ದರಿಂದ ತಪ್ಪಿಸಿಕೊಂಡು 1980ರಲ್ಲಿ ಸಿಕ್ಕವು. ಕರ್ಣಾಟಕ ಬ್ಯಾಂಕ್ ಎರಡೂ ಸಲ ಉಳಿಯಿತು. ಮೈಸೂರು ಬ್ಯಾಂಕ್ ಮೊದಲೇ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆ, ಹಾಗಾಗಿ 1969ರ ಪಟ್ಟಿಯಲ್ಲಿ ಅದನ್ನು ಹುಡುಕಬೇಡಿ. ಇಂದು ಸಿಂಡಿಕೇಟ್ ಕೆನರಾದೊಳಗೆ, ಮೈಸೂರು ಬ್ಯಾಂಕ್ ಸ್ಟೇಟ್ ಬ್ಯಾಂಕಿನೊಳಗೆ ಕರಗಿವೆ. ವೃತ್ತದ ಹೆಸರು ಮಾತ್ರ ಕಂಡಕ್ಟರುಗಳ ಬಾಯಲ್ಲಿ ಹಾಗೇ ನಿಂತಿದೆ.

ಈ ವೃತ್ತವನ್ನು ದಾರಿಯಲ್ಲಿ ಸೇರಿಸಲು ಬೇರೊಂದು ಕಾರಣವೂ ಇದೆ. ಊರಿನ ಸಿಟ್ಟು, ಸಂಭ್ರಮ ಎರಡೂ ತಲೆಮಾರುಗಳ ಕಾಲ ಬಂದು ನಿಲ್ಲುತ್ತಿದ್ದದ್ದು ಇಲ್ಲಿ. 1942ರ ಚಲೇಜಾವ್ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರ ಸ್ಮಾರಕ ಇಲ್ಲೇ ಇದೆ. ಬ್ಯಾಂಕ್ ನೌಕರರ ಸಂಘಗಳ ಧರಣಿಗಳೂ ಇಲ್ಲಿ ನಡೆಯುತ್ತಿದ್ದವು. ಈಗ ಪ್ರತಿಭಟನೆ ಎಂದರೆ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿನ ಬೇಲಿಯೊಳಗೆ. ಹಳೇ ಸೆಂಟ್ರಲ್ ಜೈಲಿನ ಆವರಣವೇ ಅದು ಎಂಬುದರಲ್ಲಿರುವ ವ್ಯಂಗ್ಯ ಊರಿಗೆ ಅಭ್ಯಾಸವಾಗಿಬಿಟ್ಟಿದೆ.

ಬ್ಯಾಂಕಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1970ರ ಫೆಬ್ರವರಿ 10ರಂದು ಸುಪ್ರೀಂ ಕೋರ್ಟ್ ಆ ಕಾಯಿದೆಯನ್ನೇ ಹೊಡೆದುಹಾಕಿತು. ನಾಲ್ಕೇ ದಿನದಲ್ಲಿ ಹೊಸ ಸುಗ್ರೀವಾಜ್ಞೆ ಬಂತು. ಸಹಿ ಮತ್ತೆ ಗಿರಿಯವರದೇ, ಈ ಸಲ ಚುನಾಯಿತ ರಾಷ್ಟ್ರಪತಿಯಾಗಿ.

ಶನಿವಾರ: ಕಬ್ಬನ್ ಪಾರ್ಕಿನ ಗ್ರಂಥಾಲಯ

ಪ್ರವಾಸದಲ್ಲಿ ಹೆಚ್ಚು ಹೊತ್ತು ಕೇಳುವ ದಿನ ಇದು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ರಾಜ್ಯ ಕೇಂದ್ರ ಗ್ರಂಥಾಲಯದ ಮನೆ. ಸೋಮವಾರ ಸಾರ್ವಜನಿಕ ಗ್ರಂಥಾಲಯಗಳಿಗೆ ವಾರದ ರಜೆ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಕೂಡ ಸೋಮವಾರ ಬಾಗಿಲು ಹಾಕುತ್ತದೆ, ಊಟದ ಲೆಕ್ಕಾಚಾರವನ್ನೂ ಹಾಗೇ ಮಾಡಿಕೊಳ್ಳಿ. ಯಾವ ಪತ್ರಿಕೆಯ ಯಾವ ವರ್ಷದ ಸಂಪುಟ ಯಾವ ಕಟ್ಟಡದಲ್ಲಿದೆ ಎಂಬುದನ್ನು ಮೊದಲೇ ಹೋಗಿ ಅಥವಾ ಫೋನ್ ಮಾಡಿ ವಿಚಾರಿಸಬೇಕು. ಹಳೆಯ ಸಂಪುಟಗಳು ರಟ್ಟು ಕಟ್ಟಲು ಹೋಗಿರುತ್ತವೆ, ಇಲ್ಲವೇ ಸ್ಕ್ಯಾನಿಂಗ್‌ಗೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, ಬಸವನಗುಡಿಯ ವರ್ಲ್ಡ್ ಕಲ್ಚರ್ ಸಂಸ್ಥೆ, ಪತ್ರಿಕಾ ಕಚೇರಿಗಳ ಸ್ವಂತ ಸಂಗ್ರಹ, ಇವುಗಳಲ್ಲೂ ವಿಚಾರಿಸಿಟ್ಟುಕೊಳ್ಳಿ. ಗುರುತಿನ ಚೀಟಿ, ಪೆನ್ಸಿಲ್, ಖಾಲಿ ಹಾಳೆ ಸಾಕು. ಪೆನ್ನನ್ನು ಚೀಲದಲ್ಲೇ ಬಿಡಿ.

ಐವತ್ತು ವರ್ಷ ದಾಟಿದ ಸುದ್ದಿ ಕಾಗದ ಅಂಚಿನಿಂದ ಒಳಕ್ಕೆ ಕಂದಾಗುತ್ತಾ ಹೋಗುತ್ತದೆ. ಮರದ ತಿರುಳಿನಲ್ಲಿ ಉಳಿದ ಆಮ್ಲ ಮಾಡುವ ಕೆಲಸ ಅದು. ಪುಟದ ಕೆಳಮೂಲೆ ಹಿಡಿದು ಎಳೆದರೆ ಮೂಲೆಯೇ ಕೈಗೆ ಬರುತ್ತದೆ. ಮೇಲಿನ ಬಲತುದಿಯನ್ನು ಮೆಲ್ಲನೆ ಎತ್ತಿ, ಇನ್ನೊಂದು ಅಂಗೈಯನ್ನು ಪುಟದಡಿ ಜಾರಿಸಿ, ಹಪ್ಪಳ ಮಗುಚುವಷ್ಟೇ ನಿಧಾನವಾಗಿ ತಿರುವಬೇಕು. ಸಂಪುಟವನ್ನು ಜೆರಾಕ್ಸ್ ಗಾಜಿಗೆ ಒತ್ತಿದರೆ ಬೆನ್ನು ಮುರಿಯುತ್ತದೆ. ಅನುಮತಿ ಪಡೆದು ಫೋನಿನಲ್ಲಿ ಫ್ಲ್ಯಾಶ್ ಇಲ್ಲದೆ ಚಿತ್ರ ತೆಗೆಯಿರಿ; ಮೊದಲ ಚಿತ್ರ ಪುಟದ ನೆತ್ತಿಯ ಪತ್ರಿಕೆ ಹೆಸರು, ದಿನಾಂಕದ್ದಾಗಿರಲಿ. ಅದನ್ನು ಬಿಟ್ಟವರು ಸಂಜೆ ಮನೆಯಲ್ಲಿ ಕೂತು ಯಾವ ತುಣುಕು ಯಾವ ದಿನದ್ದೆಂದು ಒದ್ದಾಡುತ್ತಾರೆ.

1969ರಲ್ಲಿ ಬೆಂಗಳೂರಿನ ಓದುಗನಿಗೆ ಪ್ರಜಾವಾಣಿ, ಸಂಯುಕ್ತ ಕರ್ನಾಟಕ, ಹುಟ್ಟಿ ಇನ್ನೂ ಎರಡು ವರ್ಷ ತುಂಬದಿದ್ದ ಕನ್ನಡಪ್ರಭ ಇದ್ದವು, ಇಂಗ್ಲಿಷಿಗೆ ಡೆಕ್ಕನ್ ಹೆರಾಲ್ಡ್. ಕನಿಷ್ಠ ಎರಡು ಪತ್ರಿಕೆಯನ್ನು ಅಕ್ಕಪಕ್ಕ ಇಟ್ಟು ಓದಬೇಕು. ದಿನಾಂಕಗಳನ್ನು ಹೀಗೆ ಹಂಚಿಕೊಳ್ಳಿ: ಗಾಜಿನ ಮನೆಯ ಬಿಸಿಗೆ ಜುಲೈ 10ರಿಂದ 14, ಬ್ಯಾಂಕಿಗೆ ಜುಲೈ 20ರಿಂದ ತಿಂಗಳ ಕೊನೆ, ಫಲಿತಾಂಶಕ್ಕೆ ಆಗಸ್ಟ್ 21ರಿಂದ 31. ಎಣಿಕೆ ನಡೆದದ್ದು 20ರ ಬುಧವಾರವಾದ್ದರಿಂದ ಬೆಳಗಿನ ಪತ್ರಿಕೆಯಲ್ಲಿ ಪೂರ್ತಿ ಸುದ್ದಿ ಸಿಗುವುದು 21ರ ಗುರುವಾರ. ಸಂಪುಟದಲ್ಲಿ ಕಟ್ಟಿರುವುದು ಜಿಲ್ಲೆಗಳಿಗೆ ಬೇಗ ಹೊರಡುತ್ತಿದ್ದ ಡಾಕ್ ಆವೃತ್ತಿಯಾದರೆ ನಡುವಿನ ಸುತ್ತಿನ ಅಂಕಿಯಷ್ಟೇ ಇರಬಹುದು. ಕೊನೆಯ ಅಂಕಿ ಗಿರಿ 4,20,077; ರೆಡ್ಡಿ 4,05,427. ಇದಕ್ಕೆ ತಾಳೆಯಾಗದ ಸುದ್ದಿ ಎಣಿಕೆ ಮುಗಿಯುವ ಮೊದಲೇ ಅಚ್ಚಾದದ್ದು ಎಂದು ತಿಳಿಯಿರಿ.

ಜನರ ಪ್ರತಿಕ್ರಿಯೆ ಮುಖಪುಟದಲ್ಲಿರುವುದಿಲ್ಲ. ಅಲ್ಲಿರುವುದು ನಾಯಕರ ಹೇಳಿಕೆ: ಒಬ್ಬರಿಗೆ ಪ್ರಜಾಪ್ರಭುತ್ವದ ಗೆಲುವು, ಇನ್ನೊಬ್ಬರಿಗೆ ಶಿಸ್ತಿನ ಸಾವು. ಯಾವ ಚುನಾವಣೆಗಾದರೂ ಸಲ್ಲುವ ಮಾತು ಅದು. ಒಳಪುಟಕ್ಕೆ ಬನ್ನಿ. ವಾಚಕರ ಪತ್ರ ಅಂಚೆಯಲ್ಲಿ ಬಂದು, ಆಯ್ಕೆಯಾಗಿ, ಮೊಳೆ ಜೋಡಿಸಿ ಅಚ್ಚಾಗಬೇಕಾದರೆ ನಾಲ್ಕರಿಂದ ಏಳು ದಿನ ಹಿಡಿಯುತ್ತಿತ್ತು ಎಂದಿಟ್ಟುಕೊಳ್ಳಿ. 21ರ ಪುಟದಲ್ಲಿ ಪತ್ರವಿಲ್ಲವೆಂದು ಜನ ಸುಮ್ಮನಿದ್ದರು ಎಂದುಕೊಳ್ಳಬಾರದು. 25ರಿಂದ ಮುಂದೆ ನೋಡಿ. ಆಮೇಲೆ ಜಿಲ್ಲಾ ವಾರ್ತೆ. ಎಲ್ಲಿ ಸಭೆಯಾಯಿತು, ಯಾವ ಸಂಘ ಅಭಿನಂದನೆಯ ತಂತಿ ಕಳಿಸಿತು, ಯಾವ ತಾಲೂಕಿನಲ್ಲಿ ಮೆರವಣಿಗೆ ಹೊರಟಿತು ಎಂಬ ನಾಲ್ಕು ಸಾಲಿನ ತುಣುಕುಗಳೇ ನಿಜವಾದ ಫಸಲು. ಜಾಹೀರಾತನ್ನೂ ಬಿಡಬೇಡಿ. ಅಭಿನಂದನೆ ಹೇಳಿದವರು ಯಾರು ಎಂಬಷ್ಟೇ ಹೇಳದವರು ಯಾರು ಎಂಬುದೂ ಮುಖ್ಯ.

ಪ್ರತಿ ತುಣುಕಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಫಲಿತಾಂಶಕ್ಕೆ ಬಂದ ಮಾತೋ, ಬ್ಯಾಂಕಿಗೆ ಬಂದದ್ದೋ, ನಿಜಲಿಂಗಪ್ಪನವರ ಮೇಲಿನ ಅಭಿಮಾನವೋ ಮುನಿಸೋ? ಮೈಸೂರು ರಾಜ್ಯದಲ್ಲಿ ಈ ಮೂರನೆಯದನ್ನು ಕಡೆಗಣಿಸುವಂತಿಲ್ಲ. ಬೇರೆ ರಾಜ್ಯದವನಿಗೆ ಸೋತದ್ದು ಸಿಂಡಿಕೇಟ್. ಚಿತ್ರದುರ್ಗದವನಿಗೆ ಸೋತದ್ದು ತನ್ನ ಊರಿನ ಹಿರಿಯ. ಸುಮ್ಮನೆ ತಲೆಬರಹದ ಮೇಲೆ ಕಣ್ಣಾಡಿಸುವವರಿಗೆ ಇನ್ನೊಂದು ಎಡವಟ್ಟು ಕಾದಿದೆ. ಆ ತಿಂಗಳುಗಳಲ್ಲಿ ಸಿಂಡಿಕೇಟ್ ಎಂದರೆ ಮಣಿಪಾಲದ ಬ್ಯಾಂಕೂ ಹೌದು, ಕಾಂಗ್ರೆಸ್ಸಿನ ಹಿರಿಯರ ಕೂಟವೂ ಹೌದು. ರಾಷ್ಟ್ರೀಕರಣಗೊಂಡದ್ದು ಮೊದಲನೆಯದು.

ಭಾನುವಾರ: ವಿಧಾನಸೌಧ, ರಾಜಭವನ

ವಿಧಾನಸೌಧವನ್ನು ಒಳಗಿನಿಂದ ನೋಡಲು 2025ರ ಜೂನ್‌ನಿಂದ ದಾರಿಯಾಗಿದೆ. ಭಾನುವಾರಗಳಂದು ಮತ್ತು ಎರಡನೇ, ನಾಲ್ಕನೇ ಶನಿವಾರಗಳಂದು ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಮಾರ್ಗದರ್ಶಕರ ಜೊತೆ ತಂಡ ತಂಡವಾಗಿ ಕರೆದೊಯ್ಯುತ್ತದೆ. ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಮಾಡಿಸಿ, ಸರ್ಕಾರಿ ಗುರುತಿನ ಚೀಟಿ ಇಟ್ಟುಕೊಂಡು ಹೊರಡಿ. ನೇರಳೆ ಮಾರ್ಗದ ಅಂಬೇಡ್ಕರ್ ನಿಲ್ದಾಣ ಎದುರಿಗೇ ಇದೆ.

ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ಶಾಸಕರು ಮತ ಹಾಕುವುದು ಈ ಕಟ್ಟಡದಲ್ಲೇ; 2022ರ ಜುಲೈ 18ರಂದು ಮೊದಲ ಮಹಡಿಯ 106ನೇ ಕೊಠಡಿಯಲ್ಲಿ ಹಾಕಿದರು. ಶಾಸಕರಿಗೆ ಗುಲಾಬಿ ಮತಪತ್ರ, ಸಂಸದರಿಗೆ ಹಸಿರು. ಹೆಸರಿನ ಮುಂದೆ ಗುರುತು ಒತ್ತುವುದಲ್ಲ, 1, 2, 3 ಎಂದು ಅಂಕಿಯಲ್ಲಿ ಪ್ರಾಶಸ್ತ್ಯ ಬರೆಯಬೇಕು. ಕನ್ನಡ ಅಂಕಿಯಾದರೂ ನಡೆಯುತ್ತದೆ. ಅಕ್ಷರದಲ್ಲಿ ‘ಒಂದು’ ಎಂದು ಬರೆದರೆ ಮತ ಕುಲಗೆಟ್ಟಿತು. 1 ಎಂದು ಇಬ್ಬರ ಮುಂದೆ ಬರೆದರೂ, ಯಾರ ಮುಂದೆಯೂ ಬರೆಯದಿದ್ದರೂ, ಸಹಿ ಹಾಕಿದರೂ ಅಷ್ಟೇ. ಎರಡನೇ ಪ್ರಾಶಸ್ತ್ಯ ಬರೆಯಲೇಬೇಕೆಂಬ ಕಡ್ಡಾಯವಿಲ್ಲ. ಪಕ್ಷಗಳು ವಿಪ್ ಹೊರಡಿಸುವಂತಿಲ್ಲ, ಮತ ಗುಟ್ಟಿನದು. ಪೆಟ್ಟಿಗೆ ಮೊಹರಾಗಿ ದಿಲ್ಲಿಗೆ ಹೋಗುತ್ತದೆ, ಎಣಿಕೆ ಸಂಸತ್ ಭವನದಲ್ಲಿ.

ಎಲ್ಲರ ಮತದ ತೂಕ ಒಂದೇ ಅಲ್ಲ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕನ ಮತಮೌಲ್ಯ ಸಿಗುತ್ತದೆ. ಈಗ ಬಳಸುವುದು 1971ರ ಜನಗಣತಿ: 2,92,99,014ನ್ನು 224ರಿಂದ, ಆಮೇಲೆ 1,000ದಿಂದ ಭಾಗಿಸಿದರೆ 130.8, ಅಂದರೆ 131. 1969ರಲ್ಲಿ 1961ರ ಗಣತಿಯ ಸುಮಾರು 2.36 ಕೋಟಿ ಜನ, 216 ಶಾಸಕರು, ತಲಾ 109. ಸಂಸದನ ಮತದ ಮೌಲ್ಯ ಆಗ 576.

ಈಗ 1969ರ ಎಣಿಕೆಯನ್ನು ಕಾಗದದ ಮೇಲೆ ಹಾಕಿ ನೋಡಿ, ಮೆಟ್ಟಿಲ ಮೇಲೆ ಕೂತೇ ಮಾಡಬಹುದು. ಸಿಂಧು ಮತಗಳ ಒಟ್ಟು ಮೌಲ್ಯ 8,36,337. ಅರ್ಧಕ್ಕೆ ಒಂದು ಸೇರಿಸಿದರೆ ಕೋಟಾ, ಅಂದರೆ ಗೆಲ್ಲಲು ಬೇಕಾದ ಮೌಲ್ಯ, 4,18,169. ಕಣದಲ್ಲಿ 15 ಮಂದಿ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಬೆಂಬಲದಿಂದ ನಿಂತಿದ್ದ ಮಾಜಿ ಹಣಕಾಸು ಸಚಿವ ಸಿ.ಡಿ. ದೇಶಮುಖ್‌ಗೆ 1,12,769. ಗಿರಿಗೆ ಕೋಟಾ ಮುಟ್ಟಲು 16,654 ಕಡಿಮೆ. ಉಳಿದವರನ್ನು ಒಬ್ಬೊಬ್ಬರಾಗಿ ಹೊರಹಾಕಿ ಅವರ ಮತಪತ್ರಗಳ ಎರಡನೇ ಪ್ರಾಶಸ್ತ್ಯ ಹಂಚಿದಾಗ ರೆಡ್ಡಿಗೆ ಬಂದದ್ದು 91,879, ಗಿರಿಗೆ ಬರೀ 18,562. ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷದ ನಾಯಕರನ್ನು ಕಂಡು ಎರಡನೇ ಮತ ಕೇಳಿದ್ದು ವ್ಯರ್ಥವಾಗಲಿಲ್ಲ, ಸಾಲದಾಯಿತು ಅಷ್ಟೇ. ಆ ಭೇಟಿಯೇ ಬಲಪಂಥದ ಜೊತೆ ಒಳಒಪ್ಪಂದ ಎಂಬ ಆರೋಪಕ್ಕೆ ದಾರಿಯಾಗಿ ಇಂದಿರಾ ಪಾಳಯಕ್ಕೆ ಕೈದೊಣ್ಣೆ ಕೊಟ್ಟಿತು. ಜಗಜೀವನ ರಾಮ್ ಮತ್ತು ಫಕ್ರುದ್ದೀನ್ ಮುಕ್ತ ಮತ ಕೇಳಿದರು, ಪ್ರಧಾನಿ ಆತ್ಮಸಾಕ್ಷಿಯ ಮತಕ್ಕೆ ಕರೆ ಕೊಟ್ಟರು. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದವರೂ ಅವರೇ.

ಎರಡನೇ ಪ್ರಾಶಸ್ತ್ಯ ಬರೆಯದೆ ಬಿಟ್ಟ ಮತಪತ್ರಗಳು ದಾರಿಯಲ್ಲೇ ನಿಂತವು. ಎರಡು ಕಡೆಯ ಕೊನೆಯ ಅಂಕಿ ಕೂಡಿಸಿ ಒಟ್ಟಿನಿಂದ ಕಳೆದರೆ ಅವುಗಳ ಮೌಲ್ಯ 10,833 ಎಂದು ತಿಳಿಯುತ್ತದೆ. ಅಷ್ಟೂ ರೆಡ್ಡಿಗೇ ಬಂದಿದ್ದರೂ 4,16,260 ಆಗುತ್ತಿತ್ತು, ಗಿರಿಯೇ ಮುಂದೆ. ಹಾಗಾಗಿ ಬರೆಯದೆ ಬಿಟ್ಟ ಮತಗಳಿಂದ ರೆಡ್ಡಿ ಸೋತರು ಎಂಬ ಹರಟೆಕಟ್ಟೆಯ ಮಾತಿಗೆ ಬುಡವಿಲ್ಲ. ಅಂತರ 14,650. ಮೈಸೂರು ಶಾಸಕರ ಲೆಕ್ಕದಲ್ಲಿ 68 ಮಂದಿ, ಇಲ್ಲವೇ ಸಂಸದರಲ್ಲಿ 13 ಮಂದಿ ಗಿರಿಯಿಂದ ರೆಡ್ಡಿಗೆ ಹೊರಳಿದ್ದರೆ ಇತಿಹಾಸ ತಿರುವುಮುರುವು. ಇಷ್ಟು ಕಿರಿದಾದ ಗೆಲುವಾದ್ದರಿಂದಲೇ ಬೀದಿಯ ಮಾತಿಗೆ ಅಷ್ಟು ಬೆಲೆ ಬಂದದ್ದು. ಬ್ಯಾಂಕಿನ ನಂತರ ಊರೂರಲ್ಲಿ ಎದ್ದ ಅಲೆ ಹದಿಮೂರು ಸಂಸದರ ಮನಸ್ಸು ಅಲುಗಿಸಿರಲಾರದು ಎಂದು ಹೇಳುವುದು ಕಷ್ಟ.

2022ರ ಫಲಿತಾಂಶದ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಜುಲೈ 21ರಂದು ದ್ರೌಪದಿ ಮುರ್ಮು 6,76,803 ಮೌಲ್ಯದ ಮತ ಪಡೆದರು, ಯಶವಂತ ಸಿನ್ಹಾ 3,80,177. ಗೆಲುವಿನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಇಲ್ಲಿ ಜೆಡಿಎಸ್ ಕೂಡ ಮುರ್ಮು ಕಡೆ ನಿಂತಿತ್ತು. ಆದರೂ ಅದು ಚರಿತ್ರೆಯ ಫಲಿತಾಂಶ: ಆ ಕುರ್ಚಿಯಲ್ಲಿ ಕೂತ ಮೊದಲ ಆದಿವಾಸಿ, ಸ್ವಾತಂತ್ರ್ಯದ ನಂತರ ಹುಟ್ಟಿದವರಲ್ಲಿ ಮೊದಲಿಗರು. ಆಗ ಜನ ಸ್ಪಂದಿಸಿದ್ದು ಗೆದ್ದವರು ಯಾರು ಎಂಬುದಕ್ಕೆ. 1969ರಲ್ಲಿ ಕುತೂಹಲವೆಲ್ಲ ಯಾರು ಸೋತರು ಎಂಬುದರಲ್ಲಿತ್ತು.

ವಿಧಾನಸೌಧದಿಂದ ಉತ್ತರಕ್ಕೆ ನಡೆದರೆ ರಾಜಭವನ. ಒಳಗೆ ಬಿಡುವುದಿಲ್ಲ, ಗೇಟಿನ ಮುಂದೆ ಫೋನ್ ಎತ್ತಿದರೆ ಪೊಲೀಸರು ಬಂದು ವಿಚಾರಿಸುತ್ತಾರೆ. ನೋಡಲು ಏನೂ ಇಲ್ಲದಿದ್ದರೂ ಒಂದು ವಿಷಯಕ್ಕಾಗಿ ಇಲ್ಲಿ ನಿಲ್ಲಬೇಕು. ಗಿರಿ 1965ರಿಂದ 1967ರವರೆಗೆ ಮೈಸೂರು ರಾಜ್ಯಪಾಲರಾಗಿ ಇದೇ ಮನೆಯಲ್ಲಿದ್ದರು. ಇಲ್ಲಿಂದಲೇ ಉಪರಾಷ್ಟ್ರಪತಿಯಾಗಿ ಹೋದರು. ಅವರ ನಂತರ ಬಂದ ಜಿ.ಎಸ್. ಪಾಠಕ್ 1969ರ ಆಗಸ್ಟ್ ಕೊನೆಯಲ್ಲಿ ಇಲ್ಲಿಂದಲೇ ಗಿರಿಯವರ ಉಪರಾಷ್ಟ್ರಪತಿಯಾಗಿ ಹೊರಟರು. ಒಂದೇ ಮನೆಯ ಬೆನ್ನುಬೆನ್ನಿನ ಇಬ್ಬರು ನಿವಾಸಿಗಳು ಒಂದೇ ಕಾಲಕ್ಕೆ ದೇಶದ ಮೊದಲ ಎರಡು ಹುದ್ದೆಗಳಲ್ಲಿ ಕೂತರು.

ಸೋಮವಾರ: ಕಲ್ಪಳ್ಳಿ, ರೇಸ್‌ಕೋರ್ಸ್ ರಸ್ತೆ

ಸೋತ ಸಂಜೀವ ರೆಡ್ಡಿಯವರ ಸಮಾಧಿ ಬೆಂಗಳೂರಿನಲ್ಲೇ ಇದೆ ಎಂಬುದು ಊರಿನ ಬಹಳ ಜನಕ್ಕೆ ಗೊತ್ತಿಲ್ಲ. ನೇರಳೆ ಮಾರ್ಗದಲ್ಲಿ ಸ್ವಾಮಿ ವಿವೇಕಾನಂದ ರಸ್ತೆ ನಿಲ್ದಾಣಕ್ಕೆ ಇಳಿದು ಆಟೋ ಹಿಡಿಯಿರಿ. ಕಲ್ಪಳ್ಳಿ ಎಂದಷ್ಟೇ ಹೇಳಿದರೆ ಕ್ರೈಸ್ತರ ಸ್ಮಶಾನದ ಬಾಗಿಲಿಗೆ ಬಿಡುವ ಸಾಧ್ಯತೆ ಹೆಚ್ಚು. ಹಿಂದೂ ರುದ್ರಭೂಮಿ ಎಂದು ಬಿಡಿಸಿ ಹೇಳಬೇಕು.

ರೆಡ್ಡಿಯವರ ಸರದಿ 1977ರಲ್ಲಿ ಬಂತು, ಅದೂ ಅವಿರೋಧವಾಗಿ. ಸಲ್ಲಿಸಿದ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾದವು. ಇದಕ್ಕೂ 1969ಕ್ಕೂ ನಂಟಿದೆ. ಕಣದಲ್ಲಿ ಹದಿನೈದು ಮಂದಿ, ಆಮೇಲೆ ಸುಪ್ರೀಂ ಕೋರ್ಟಿನಲ್ಲಿ ಚುನಾವಣಾ ತಕರಾರು, ರಾಷ್ಟ್ರಪತಿ ಗಿರಿ ಖುದ್ದು ಹಾಜರಾಗಿ ಸಾಕ್ಷಿ ಹೇಳಬೇಕಾಗಿ ಬಂದದ್ದು, ಇದೆಲ್ಲ ಆದ ಮೇಲೆ 1974ರಲ್ಲಿ ಕಾಯಿದೆ ಬಿಗಿ ಮಾಡಿ ಹತ್ತು ಸೂಚಕರು, ಹತ್ತು ಅನುಮೋದಕರು, 2,500 ರೂಪಾಯಿ ಠೇವಣಿ ಬೇಕೆಂದರು. ಈಗ ಐವತ್ತು, ಐವತ್ತು ಮತ್ತು 15,000. ರೆಡ್ಡಿ ಪ್ರಮಾಣವಚನ ತೆಗೆದುಕೊಂಡ ಜುಲೈ 25ರಂದೇ ಅವರ ನಂತರದ ಎಲ್ಲ ರಾಷ್ಟ್ರಪತಿಗಳೂ ಪ್ರಮಾಣ ಮಾಡುತ್ತ ಬಂದಿದ್ದಾರೆ, ಮುರ್ಮು ಸಹ. ನಿವೃತ್ತಿಯ ನಂತರ ರೆಡ್ಡಿ 1996ರ ಜೂನ್ 1ರಂದು ತೀರಿಕೊಂಡದ್ದು ಬೆಂಗಳೂರಿನಲ್ಲಿ.

ಮಧ್ಯಾಹ್ನ ರೇಸ್‌ಕೋರ್ಸ್ ರಸ್ತೆ. 2023ರಿಂದ ಈ ರಸ್ತೆಗೆ ಅಂಬರೀಶ್ ಹೆಸರಿನ ಫಲಕ ಬಂದಿದೆ, ಹೆಸರು ಎರಡಾದರೂ ದಾರಿ ಒಂದೇ. ಇಲ್ಲಿಯ ಕಾಂಗ್ರೆಸ್ ಭವನ 1969ರ ಫಲಿತಾಂಶದ ಇಟ್ಟಿಗೆ ಗಾರೆಯ ಸಾಕ್ಷಿ. ಫಲಿತಾಂಶದ ಬೆನ್ನಿಗೆ ಆಗಸ್ಟ್ 25ರಂದು ಕಾರ್ಯಕಾರಿಣಿ ಐಕ್ಯದ ನಿರ್ಣಯ ಮಾಡಿ ತೇಪೆ ಹಚ್ಚಿತು. ತೇಪೆ ಬಾಳಲಿಲ್ಲ. ನವೆಂಬರ್ 1ರಂದು ಎರಡು ಕಡೆ ಎರಡು ಕಾರ್ಯಕಾರಿಣಿ ಸೇರಿದವು, 12ರಂದು ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು. ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ ಒಂದು ಕಡೆ, ಇಂದಿರಾ ಅವರ ಆಡಳಿತ ಕಾಂಗ್ರೆಸ್ ಇನ್ನೊಂದು ಕಡೆ. ವೀರೇಂದ್ರ ಪಾಟೀಲರ ಸರ್ಕಾರ ಸಂಸ್ಥಾ ಕಾಂಗ್ರೆಸ್ ಜೊತೆ ನಿಂತು 1971ರಲ್ಲಿ ಬಿತ್ತು. 1972ರಲ್ಲಿ ದೇವರಾಜ ಅರಸು ಗೆದ್ದು ಬಂದರು.

ಪಕ್ಷ ಒಡೆದಾಗ ಈ ಕಟ್ಟಡ ಸಂಸ್ಥಾ ಕಾಂಗ್ರೆಸ್ ಪಾಲಿಗೆ ಉಳಿಯಿತು. ಆ ಪಕ್ಷ 1977ರಲ್ಲಿ ಜನತಾ ಪಕ್ಷದೊಳಗೆ ಸೇರಿತು, ಕಟ್ಟಡ ಜನತಾ ಪಕ್ಷದ್ದಾಯಿತು. ಆಮೇಲೆ ಜನತಾ ದಳ, ಆಮೇಲೆ ಜೆಡಿಎಸ್. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹತ್ತಿ, ತೀರ್ಪು ಕಾಂಗ್ರೆಸ್ ಕಡೆಗಾಗಿ, ಜೆಡಿಎಸ್ 2015ರ ಆರಂಭದಲ್ಲಿ ಜಾಗ ಖಾಲಿ ಮಾಡಿತು. ಶೇಷಾದ್ರಿಪುರದ ಕಡೆ ಅದು ಕಟ್ಟಿಕೊಂಡ ಹೊಸ ಕಚೇರಿಗೆ ಜೆ.ಪಿ. ಭವನ ಎಂದು ಹೆಸರು. ರೇಸ್‌ಕೋರ್ಸ್ ರಸ್ತೆಯಿಂದ ಅಲ್ಲಿಗೆ ಆಟೋದಲ್ಲಿ ಹತ್ತು ನಿಮಿಷ, ಆನಂದರಾವ್ ವೃತ್ತದಲ್ಲಿ ಟ್ರಾಫಿಕ್ ಇಲ್ಲದಿದ್ದರೆ.